ಬೆನ್ನು

ರುಸ್ತಾವೇಲಿ ಬೀದಿಯ ಆ ಗಾಜಿನಂಗಡಿಯಲ್ಲಿ
ದಿನಾ ಬೆಳಿಗ್ಗೆ ಏಳಕ್ಕೆ ಧೂಳು ಒರೆಸುವವಳು ನಾನೇ.
ಗಾಜಿನಾಚೆ ನಿಂತವರು ಅದರ ಮುಖ ನೋಡುತ್ತಾರೆ:
ಕಪ್ಪು ಮಖಮಲ್ಲಿನ ಹೇರ್‌ಬ್ಯಾಂಡು, ಹನ್ನೊಂದು ಹಸಿರು ಕಲ್ಲು,
ನಾಲಿಗೆ ಹೊರಳದ ಯಾರದೋ ಹೆಸರು,
ನನ್ನ ಎರಡು ತಿಂಗಳ ಬಾಡಿಗೆ.
ನಾನು ಅದರ ಬೆನ್ನು ಬಲ್ಲೆ.
ಅಂಟು ಅಲ್ಲಿ ಸಿಂಬಳದ ಹಾಗೆ ಒಣಗಿದೆ,
ಒಂದು ದಾರವನ್ನು ಗಂಟು ಹಾಕದೆ ಬಿಟ್ಟಿದ್ದಾರೆ.

ಶನಿವಾರ ಕೇತೋಳ ಶಾಲೆಯಲ್ಲಿ ಬೀಳ್ಕೊಡುಗೆಯ ಕುಣಿತ.
ಒಣ ಸೇತುವೆಯ ಸಂತೆಯಲ್ಲಿ ಮುದುಕನೊಬ್ಬ
ಯಾವುದೋ ಯುದ್ಧದ ಪದಕಗಳ ಪಕ್ಕ ಇಟ್ಟಿದ್ದ
ಜೊತೆಯಿಲ್ಲದ ಕಿವಿಯೋಲೆ. ಚೌಕಾಸಿ ಮಾಡಿ ತಂದೆ.
ಮಖಮಲ್ಲಿಗೆ, ಅತ್ತೆ ನಾನುಲಿಯವರ ಕೋಟಿನ ಕಾಲರು.
ಕೇಳದೆ ಕತ್ತರಿಸಿದೆ. ನೋಡಿದರು, ಏನೂ ಅನ್ನಲಿಲ್ಲ;
ಸ್ವಲ್ಪ ಹೊತ್ತಿಗೆ ಅದೇ ಕೋಟಿನ ಎರಡು ಗುಂಡಿ
ಮೇಜಿನ ಮೇಲೆ ತಂದಿಟ್ಟರು.

ಕರೆಂಟು ಹೋಯಿತು.
ಮೊಬೈಲನ್ನು ಹಲ್ಲಲ್ಲಿ ಕಚ್ಚಿ, ಅದರ ಬೆಳಕಲ್ಲಿ ಹೊಲಿದೆ.
ಕಲ್ಲು ಎಂಟೇ. ಸೂಜಿ ಮೂರು ಸಲ ಬೆರಳಿಗೆ.
ಎಡಗಡೆ ಭಾರವಾಗಿ ಕಿವಿಯ ಮೇಲೆ ಜಾರುತ್ತಿತ್ತು,
ಬಿಚ್ಚಿ ಮತ್ತೆ ಹೊಲಿದೆ.
ಕೊನೆಗೆ ಒಳಗಡೆ, ಯಾರೂ ನೋಡದ ಕಡೆ,
ಹತ್ತಿಯ ಪಟ್ಟಿ ಕೊಟ್ಟು
ಇರುವೆ ಸಾಲಿನಷ್ಟು ಸಣ್ಣ ಹೊಲಿಗೆ ಹಾಕಿದೆ.

ಕೇತೋ ಮುಡಿದಳು, ಜೋರಾಗಿ ತಲೆ ಕೊಡವಿದಳು. ನಿಂತಿತು.
“ಥೇಟ್ ಅಂಗಡಿಯದ್ದೇ” ಅಂದಳು.
ತಡೆಯಲಾರದೆ ಅವಳ ತಲೆಯಿಂದ ತೆಗೆದೆ,
ತಿರುಗಿಸಿ ಬೆನ್ನು ತೋರಿಸಿದೆ.
ಅವಳು ಆಗಲೇ ಮಂಚದ ಕೆಳಗೆ ಶೂ ಹುಡುಕುತ್ತಿದ್ದಳು.

ನಾನುಲಿ ಕನ್ನಡಕ ಹಾಕಿಕೊಂಡು
ಈಚೆ ಕೊಡು ಎಂದು ಕೈ ಚಾಚಿದರು.