ಬಾವುಟಗುಡ್ಡೆಯಲ್ಲಿ ಹೆಬ್ಬೆಟ್ಟು

ಮೆಷಿನು ನಮ್ಮನ್ನು ನಂಬಲಿಲ್ಲ.
ಬಲಗೈಯ ಐದೂ, ಎಡಗೈಯ ಐದೂ
ಸೆರಗಿಗೆ ಒರೆಸಿ ಒರೆಸಿ ಒತ್ತಿದೆವು;
ಕೆಂಪು ದೀಪ, ಮತ್ತೆ ಕೆಂಪು ದೀಪ.
ಗೆರೆಯೇ ಇಲ್ಲವಲ್ಲ ಅಮ್ಮಾ,
ಅಂದ ಪಿಎಫ್ ಆಫೀಸಿನ ಹುಡುಗ,
ಸರ್ವರ್ ಸರಿಯಾಗಲಿ, ಮೂರು ಗಂಟೆಗೆ ಬನ್ನಿ.

ನಲವತ್ತು ವರ್ಷ, ದಿನಕ್ಕೆ ಸಾವಿರ ಬೀಡಿ.
ಎಲೆಯ ಅಂಚು, ಸೊಪ್ಪಿನ ಹುಡಿ, ನೂಲು
ಉಜ್ಜಿ ಉಜ್ಜಿ ಒಯ್ದದ್ದು
ನಾವು ಬದುಕಿದ್ದೇವೆ ಎಂಬುದರ ಸಾಕ್ಷಿಯನ್ನೇ ಅಂತ
ಬ್ರಾಂಚಿನವರು ಯಾರೂ ಹೇಳಿರಲಿಲ್ಲ.

ಮೂರರವರೆಗೆ ಎಲ್ಲಿ ಕೂರುವುದು?
ಚಹಾ ಮುಗಿದರೆ ಮಾಣಿ ಮೇಜು ಒರೆಸುತ್ತಾನೆ.
ಗುಡ್ಡೆ ಹತ್ತುವಾ, ಅಂದಳು ಆಯಿಸಮ್ಮ,
ಪಾರ್ಕಿನಲ್ಲಿ ಕುಳಿತದ್ದಕ್ಕೆ ದುಡ್ಡಿಲ್ಲ.

ಹಳೆಯ ದೀಪಸ್ತಂಭಕ್ಕೆ ಬೀಗ.
ಅದರ ನೆರಳಿನಲ್ಲಿ ಎರಡು ಕಾಲೇಜು ಮಕ್ಕಳು,
ಒಂದೇ ಕೊಡೆ, ಮಳೆಯಿಲ್ಲ.
ನಾವು ಬೇರೆ ಕಡೆ ನೋಡಿದೆವು.
ಮರದ ಸಂದಿಯಲ್ಲಿ ಒಂದು ಚಿಟಿಕೆ ಸಮುದ್ರ.

ಬೋರ್ಡು ಓದು ಸೇಸಕ್ಕಾ, ನನಗೆ ಅಕ್ಷರ ಬರುವುದಿಲ್ಲ.
ಓದಿದೆ:
ಸಾವಿರದ ಎಂಟುನೂರ ಮೂವತ್ತೇಳು.
ಘಟ್ಟದ ಬುಡದಿಂದ ನಡೆದು ಬಂದ ರೈತರು
ಕುಂಪಣಿಯ ಬಾವುಟ ಇಳಿಸಿ ತಮ್ಮದು ಏರಿಸಿದರು.
ಹದಿಮೂರು ದಿನ.

ಹದಿಮೂರೇ?
ಹದಿಮೂರು.
ಎರಡು ವಾರದ ಮಜೂರಿ ಕೈಗೆ ಬರುವ ಮೊದಲೇ
ಮುಗಿಯಿತಲ್ಲ ಮಾರಾಯ್ತಿ!

ಬಾವುಟದ ಬಣ್ಣ ಯಾವುದೆಂದು ಕೇಳಿದಳು.
ಬರೆದಿಲ್ಲ ಅಂದೆ.

ಉಪ್ಪಿನ ಮೇಲೆ, ಹೊಗೆಸೊಪ್ಪಿನ ಮೇಲೆ ಕುಂಪಣಿಯ ಹಿಡಿತ,
ಅದೂ ಒಂದು ಸಿಟ್ಟಂತೆ ಅವರಿಗೆ.
ಹೊಗೆಸೊಪ್ಪು ಅಂದದ್ದೇ
ಆಯಿಸಮ್ಮ ತನ್ನ ಬೆರಳು ಮೂಸಿದಳು.

ನಾವು ಸಣ್ಣವರಿರುವಾಗ ಗಲಾಟೆ ಮಾಡಿದರೆ
ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು:
ಎಂತದು ಮಕ್ಕಳೇ ನಿಮ್ಮ ಕಾಟಕಾಯಿ!
ಕಾಯಿ ಅಂದರೆ ತಿನ್ನುವಂಥದ್ದು ಅಂದುಕೊಂಡಿದ್ದೆ,
ಹುಳಿ ಇರಬಹುದು, ಉಪ್ಪು ಹಚ್ಚಿ ತಿನ್ನುವಂಥದ್ದು.
ಈ ದಂಗೆಗೇ ಆಗ ಹಾಗೆನ್ನುತ್ತಿದ್ದರಂತೆ, ಹೀಯಾಳಿಸಿ.
ಸೋತವರ ಹೆಸರು ನಮ್ಮ ಜಗಲಿಗೆ
ಬೈಗುಳವಾಗಿ ಬಂದು ಕುಳಿತಿತ್ತು.
ಅಜ್ಜಿಗೆ ಗೊತ್ತಿತ್ತೋ ಇಲ್ಲವೋ.

ಕಂಚಿನ ಮನುಷ್ಯನ ಬುಡದಲ್ಲಿ
ಚಪ್ಪಲಿ ಕಳಚಿ, ಬುತ್ತಿ ಬಿಚ್ಚಿ ಕುಳಿತೆವು.
ಅವಳದ್ದು ಪತ್ತಿರಿ, ನನ್ನದು ನೀರುದೋಸೆ, ಬದಲಿಸಿಕೊಂಡೆವು.
ಮೇಲೆ ಒಂದು ಕಾಗೆ ಅವನ ತಲೆಯ ಮೇಲೆ ಕುಳಿತು
ನಮ್ಮ ಬುತ್ತಿಯನ್ನೇ ನೋಡುತ್ತಿತ್ತು.

ಆಯಿಸಮ್ಮ ಕತ್ತೆತ್ತಿ, ಕಣ್ಣು ಕಿರಿದು ಮಾಡಿ
ಬಹಳ ಹೊತ್ತು ಅವನ ಕೈಯನ್ನೇ ದಿಟ್ಟಿಸಿದಳು.
ನೋಡು, ಅಂದಳು,
ಇವನ ಹೆಬ್ಬೆರಳಿಗೂ ಗೆರೆಯಿಲ್ಲ.

ನಗು ಬಂದು ನೀರು ನೆತ್ತಿಗೇರಿತು.
ಕೊಡೆಯ ಮಕ್ಕಳು ತಿರುಗಿ ನೋಡಿದರು.

ಮೂರೂಕಾಲಿಗೆ ಅವಳ ಎಡಗೈ ಕಿರುಬೆರಳು ಹಿಡಿಯಿತು;
ಹಸಿರು ದೀಪ; ಆಯಿಸಮ್ಮ ಬದುಕಿದ್ದಾಳೆ.
ನನ್ನದು ಇಲ್ಲ.
ನಾಳೆ ಬನ್ನಿ ಅಂದ ಹುಡುಗ, ಪಾಪ, ಬೇಸರದಲ್ಲೇ.

ವಾಮಂಜೂರಿನ ಬಸ್ಸು, ಸಂಜೆಯ ರಶ್ಶು.
ಬದುಕಿರುವವಳು ನನ್ನ ಹೆಗಲಿಗೊರಗಿ ನಿದ್ದೆ ಹೋದಳು.
ಬಿಕರ್ನಕಟ್ಟೆ, ಬಿಕರ್ನಕಟ್ಟೆ, ಕಂಡಕ್ಟರನ ಸೀಟಿ.
ಇಲ್ಲೇ ಅಂತೆ ಅವರಲ್ಲೊಬ್ಬನನ್ನು ಗಲ್ಲಿಗೇರಿಸಿದ್ದು.
ಒಬ್ಬಳು ಖಾಲಿ ಮೀನಿನ ಬುಟ್ಟಿ ಇಳಿಸಿಕೊಂಡಳು,
ಎರಡು ರೂಪಾಯಿ ಚಿಲ್ಲರೆಗೆ ಜೋರು ಜಗಳ,
ಬಸ್ಸು ನಿಂತೇ ಇತ್ತು.

ಕೊಡು ಮಾರಾಯ ಅವಳ ಎರಡು ರೂಪಾಯಿ,
ಕೂಗಿದವಳು ನಾನೇ.