ಮೂರನೆಯ ಪ್ರತಿ

ಓಶ್ ಪಟ್ಟಣದ ಹಳೆಯ ನೂಲಿನ ಗಿರಣಿ, ಅದರ ಊಟದ ಕೋಣೆ.
ಇಪ್ಪತ್ತೆರಡು ಜನ, ಹನ್ನೊಂದು ಕಂಪ್ಯೂಟರು,
ಇಬ್ಬರಿಗೊಂದು ಮೌಸು.
ನನ್ನ ಪಾಲಿನ ಜೊತೆಗಾರ ಲಾರಿಯ ತುರ್ಗುನ್‌ಬಾಯ್
ಸ್ಟೇರಿಂಗಿನಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು
ಮೇಜಿನ ಅಂಚಿನ ತನಕ ಓಡಿಸಿ
'ರಸ್ತೆ ಮುಗೀತು, ಜೂರಕನ್ ಅಕ್ಕ, ಈಗೇನು?' ಅಂದ.

ಎತ್ತಿ ಈಚೆಗೆ ಇಡಿ, ಎಂದಳು
ಕಲಿಸಲು ಬಂದ ಹುಡುಗಿ ಅಯಿಮ್‌ಕನ್.
ಎತ್ತಿ ಇಟ್ಟರೂ ಬಾಣ ನಿಂತಲ್ಲೇ ನಿಂತಿರುತ್ತದೆ.
ಮೂವತ್ತು ವರ್ಷದಲ್ಲಿ ಗಡಿಯ ವಿಷಯ
ಯಾರೂ ನನಗೆ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ನಾನು ಅರ್ಜಿ ಬರೆಯುವವಳು.
ದೊಸ್ತುಕ್ ಗೇಟಿನಿಂದ ಎಂಬತ್ತು ಹೆಜ್ಜೆ,
ಚಕ್ರ ಕಳಚಿದ ವ್ಯಾಗನ್ನು, ಒಂದು ಕಿಟಕಿ,
ಕಿಟಕಿಗೆ ಜೋತುಬಿದ್ದ ಸರತಿ.
ಒಣ ಜರ್ದಾಳು, ಅಕ್ರೋಟು, ಕುರಿಯ ಉಣ್ಣೆ,
ಒಮ್ಮೆ ಒಂದು ಪಿಯಾನೊ,
ಎಲ್ಲವೂ ನನ್ನ ಬೆರಳ ಸಂದಿಯಿಂದಲೇ ದಾಟಿದವು.
ಹುಳವಿಲ್ಲ ಎಂಬ ಪತ್ರ, ಹುಟ್ಟಿದೂರಿನ ಪತ್ರ,
ತೂಕದ ಚೀಟಿ, ಅದರ ಬೆನ್ನಿಗೆ ಇನ್ನೊಂದು ಚೀಟಿ.
ಎರಡು ಕಾರ್ಬನ್, ಮೂರು ಪ್ರತಿ.
ಮೊದಲನೆಯದು ಸರ್ಕಾರಕ್ಕೆ, ದಟ್ಟ ನೀಲಿ.
ಎರಡನೆಯದು ಆಚೆಯ ಸರ್ಕಾರಕ್ಕೆ.
ಮೂರನೆಯದು ನಮಗೆ,
ಮಂಜು ಕವಿದ ಹಾಗೆ, ಕಣ್ಣಿಗೆ ಸಿಕ್ಕದ ಹಾಗೆ.
ಓದಲಾಗದ್ದನ್ನೇ ನಾವು ಜೋಪಾನ ಮಾಡಿದೆವು.

'ಇನ್ನು ಒಂದೇ ಸಲ ಬರೆದರೆ ಸಾಕು.
ಏಳು ಕಚೇರಿಗಳೂ ಅದನ್ನೇ ನೋಡುತ್ತವೆ,
ಗಡಿಯಾಚೆಯವರೂ.'
ರಾತ್ರಿಯೂ ನೋಡ್ತಾರಾ? ಹಿಂದಿನ ಸಾಲಿನಿಂದ ಯಾರೋ.
ರಾತ್ರಿಯೂ.
ಕರೆಂಟು ಹೋದರೆ?
ಅವಳು ಉತ್ತರ ಹುಡುಕುವಷ್ಟರಲ್ಲಿ
ಕರೆಂಟು ಹೋಯಿತು.

ಕತ್ತಲಲ್ಲಿ ಹಸಿರು ಚಹಾ ಬಂತು, ರೊಟ್ಟಿ ಬಂತು.
ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ನಾವು ಹೇಳಿಕೊಂಡವರು.
ಕೆಲವೊಮ್ಮೆ ಅವನ ಕಿವಿ ಕೇಳಿಸಿಕೊಂಡದ್ದೂ ಉಂಟು,
ಹೆರಿಗೆಗೆ ಹೊರಟವಳಿಗೆ ಸರತಿ ಬಿಡಿಸಿದ್ದುಂಟು.
ಜೇಬು ಕೇಳಿಸಿಕೊಂಡದ್ದೇ ಹೆಚ್ಚು.
ಪರದೆಗೆ ಎರಡೂ ಇಲ್ಲ.
ಇದು ಒಳ್ಳೆಯದೋ ಕೆಟ್ಟದ್ದೋ ಎಂದು
ನಮ್ಮೊಳಗೇ ಜಗಳ ಹತ್ತಿತು.

ಆಗ ಹೇಳಿದ ತುರ್ಗುನ್‌ಬಾಯ್, ಎಂದೂ ಹೇಳದವನು:
ಆ ಜುಲೈ. ನಾಲ್ಕು ಟನ್ನು ಹಸಿ ಜರ್ದಾಳು.
ಮುದ್ರೆಯ ಅಂಚು ಕೂದಲೆಳೆಯಷ್ಟು ಕದಡಿದೆಯೆಂದು
ಮೂರು ದಿನ ನಿಲ್ಲಿಸಿದರು.
ಮೊದಲ ದಿನ ಪರಿಮಳ. ಮಾರನೆಯ ದಿನ ಕಣಜ.
ಮೂರನೆಯ ದಿನ ಲಾರಿಯ ಅಡಿಯಿಂದ ರಸ ಹರಿದು
ಗೇಟಿನ ಗೆರೆಯನ್ನು
ಯಾರನ್ನೂ ಕೇಳದೆ ತಾನೇ ದಾಟಿ ಹೋಯಿತು.

ಮುದ್ರೆ ಹಸಿಯಿರುವಾಗಲೇ ಕಾಗದ ಮಡಚಿದ್ದು ನಾನು.
ಸರತಿ ದೊಡ್ಡದಿತ್ತು, ನನಗೆ ಹಸಿವಾಗಿತ್ತು.
ಹೇಳುವುದಕ್ಕೆ ಕತ್ತಲಿತ್ತು.
ಬಾಯಿ ತೆರೆಯುವಷ್ಟರಲ್ಲಿ ದೀಪ ಬಂತು.

ಮೂರನೆಯ ದಿನ ಪಾಸ್‌ವರ್ಡು.
ಯಾರಿಗೂ ಹೇಳಬೇಡಿ, ಕಾಗದದಲ್ಲಂತೂ ಬರೆಯಲೇಬೇಡಿ.
ಇಪ್ಪತ್ತೆರಡು ಜನವೂ ಅಂಗೈಯಲ್ಲಿ ಬರೆದುಕೊಂಡೆವು.
ನನಗೆ ಹಿಡಿಸಿದ್ದು ಮೂಲೆಯ ಸಣ್ಣ ಗುಂಡಿ: 'ತಿದ್ದು'.
ಹಣೆಬರಹ ಬರೆದವನು
ಅಷ್ಟು ಜಾಗ ಎಲ್ಲಿ ಬಿಟ್ಟಿದ್ದ?
ಒತ್ತಿದೆ, ತಿದ್ದಿದೆ. ಮತ್ತೆ ಒತ್ತಿದೆ.
'ಅಕ್ಕ, ಕಳಿಸಿ ಸಾಕು,' ಎಂದು ನಕ್ಕಳು ಅಯಿಮ್‌ಕನ್.

ಈಗಲೂ ಅದೇ ವ್ಯಾಗನ್ನು, ಅದೇ ಕಿಟಕಿ,
ಮಡಿಲಲ್ಲಿ ಫೋನು.
ನಿನ್ನೆ ತುರ್ಗುನ್‌ಬಾಯ್ ಬಂದ. ತುಂಬಿದೆ, ಕಳಿಸಿದೆ.
ಹೋಗು, ನಿನಗಿಂತ ಮೊದಲೇ ಅದು ದಾಟಿದೆ, ಅಂದೆ.
ಅವನು ಹೋಗಲಿಲ್ಲ.
ಕಿಟಕಿಯೊಳಗೆ ಕೈ ಚಾಚಿ ನಿಂತ,
ಇಷ್ಟು ವರ್ಷ ನಿಂತ ಹಾಗೆ.

ಹಳೆಯ ಪುಸ್ತಕದ ರಟ್ಟು ಹರಿದು ರಸೀದಿ ಸಂಖ್ಯೆ ಬರೆದೆ.
ಕೆಳಗೆ, ಸಣ್ಣಕ್ಷರದಲ್ಲಿ, ಆ ಜುಲೈ ಬಗ್ಗೆ ಒಂದು ಸಾಲು.
ಕನ್ನಡಕ ಲಾರಿಯಲ್ಲಿತ್ತು ಅವನದು.
ನಾಲ್ಕು ಮಡಿಕೆ ಮಡಚಿ, ಟೋಪಿಯೊಳಗೆ ಸಿಕ್ಕಿಸಿ,
ಲಾರಿ ಹತ್ತಿದ.