ಮೇಣ

ಅರ್ಧ ಕಿಲೋ ಬಟ್ಟಿನ ಹೊಟ್ಟೆಯಲ್ಲಿ
ಸೀಸವಿರಬೇಕಾದಲ್ಲಿ ಮೇಣ.
ಮಾವ ಅಂಬ್ರೋಸಿ ತುಂಬಿದ್ದು, ಮೇಲೆ ಮಸಿ ಬಳಿದದ್ದು,
ಕುತೈಸಿ ಪೇಟೆಯ ಈ ಕಟ್ಟೆಯ ಜೊತೆಗೇ ನನಗೆ ಬಂದದ್ದು.
ಸಾಯುವ ಮುನ್ನ ಕಿವಿಯಲ್ಲಿ ಅಂದ:
‘ಹದಿನೆಂಟು ಗ್ರಾಂ, ನಾಜಿಬ್ರೋಲಾ.
ಹೆಚ್ಚಿಗೆ ಆಸೆಪಡಬೇಡ. ಅಷ್ಟೇ ಸಾಕು.’

ಅದನ್ನೇ ನಾನು ಸಂಯಮ ಅಂದುಕೊಂಡೆ,
ಇಪ್ಪತ್ತೆರಡು ವರ್ಷ.

ಕಳ್ಳರ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ.
ಇಲ್ಲ. ನನ್ನದು ತಣ್ಣಗಿತ್ತು,
ರಿಯೋನಿ ಹೊಳೆಯ ತಳದ ಕಲ್ಲಿನಷ್ಟು.
ಇಲ್ಲದವರಿಗೆ ಹಿಡಿ ತುಂಬ ಒಣದ್ರಾಕ್ಷಿ ಹಾಗೇ ಕೊಟ್ಟೆ.
ಪಕ್ಕದ ಮೂರ್ಮನ್ ಕುಡಿದು ಬಿದ್ದ ದಿನಗಳಲ್ಲಿ
ಅವನ ಚೀಸು ಮಾರಿ, ಒಂದು ತೆತ್ರಿ ಬಿಡದೆ
ಎಣಿಸಿ ಅವನ ಹೆಂಡತಿಯ ಕೈಗಿಟ್ಟೆ.
ಒಳ್ಳೆಯವಳೆಂದು ಹೆಸರಿತ್ತು. ಹೆಸರಿಗೆ ತೂಕವಿತ್ತು.
ಅದನ್ನು ತೂಗಿದ್ದೂ
ಇದೇ ತಕ್ಕಡಿ.

ಈ ಚಳಿಗಾಲ ಮೊಮ್ಮಗಳು ಏಲಿಸೋ
ನೋಟ್‌ಬುಕ್ಕು ಹಿಡಿದು ಒಲೆಯ ಬಳಿ ಕೂತಳು:
‘ನೀನು ಯಾವುದನ್ನು ಬಿಟ್ಟುಕೊಡಲಾರೆ? ಐದು ಹೇಳಜ್ಜಿ.
ರೊಟ್ಟಿ, ಕಂಬಳಿ ಎಲ್ಲ ನಡೆಯಲ್ಲ. ಗುಣ ಮಾತ್ರ.’
‘ಪ್ರಾಮಾಣಿಕತೆ’ ಅಂದೆ, ಮೊದಲಿಗೇ.
ನಾಲಿಗೆ ತೊದಲಲಿಲ್ಲ.
ಅಕ್ರೋಟು ಒಡೆಯುತ್ತಿದ್ದ ಕೈ ನಿಲ್ಲಲಿಲ್ಲ.
ಅವಳು ಗುಂಡಗೆ ಬರೆದು, ಅಡಿಗೆರೆ ಎಳೆದಳು,
ಅಳತೆಪಟ್ಟಿಯಿಲ್ಲದೆ.
ಆದರೂ ಎಷ್ಟು ನೆಟ್ಟಗಿತ್ತು!
ಉಳಿದ ನಾಲ್ಕು ಏನು ಹೇಳಿದೆನೋ, ನೆನಪಿಲ್ಲ.

ರಾತ್ರಿ ಲೆಕ್ಕಕ್ಕೆ ಕೂತೆ.
ಹದಿನೆಂಟು ಗ್ರಾಂ ಅಂದರೆ ಆರು ತಿರುಳು.
ದಿನಕ್ಕೆ ಇಷ್ಟು ಗಿರಾಕಿ, ವರ್ಷಕ್ಕೆ ಇಷ್ಟು ದಿನ,
ಗುಣಿಸುತ್ತ ಹೋದಂತೆ
ಒಂದು ಮರ ತನ್ನ ಆಯುಷ್ಯವಿಡೀ ಬಿಟ್ಟ ಫಸಲು.
ಯಾರೂ ನೆಡದ ಆ ಮರ
ಅಡುಗೆಮನೆಯ ನಡುವೆ ನಿಂತು
ಚಾವಣಿಗೆ ತಲೆ ತಾಗಿಸಿತು.

ಆರು ತಿರುಳು!
ರೇಖಾಗಣಿತ ಕಲಿಸುತ್ತಿದ್ದ ತ್ಸಿಯಾಲ ಟೀಚರು
ಶನಿವಾರ ಶನಿವಾರ ಅರ್ಧ ಕಿಲೋ ಕೊಂಡು,
ಪೊಟ್ಟಣ ಮಡಚುವ ಮೊದಲು ಕನ್ನಡಕ ಏರಿಸಿ
‘ಇನ್ನೊಂದಾರು ಹಾಕಮ್ಮ’ ಅನ್ನುತ್ತಿದ್ದರು.
ಮುದುಕಿಗೆ ಬಾಯಿಚಪಲ ಎಂದು ನಕ್ಕು ಹಾಕುತ್ತಿದ್ದೆ.
ಐದಲ್ಲ, ಏಳಲ್ಲ.
ಈಗ ಕೇಳೋಣವೆಂದರೆ
ಹೋದ ಈಸ್ಟರಿಗೆ ಮೊದಲೇ ಮಣ್ಣು ಸೇರಿದರು.

ಮೂರ್ಮನ್‌ನ ಗಾಳದ ಸೀಸಗುಂಡು ಬೇಡಿ ತಂದೆ.
ಯಾಕೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.
(ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.)
ಸೌಟಿನಲ್ಲಿ ಕರಗಿಸಿ, ಮೇಣ ಕೆರೆದು,
ಹೊಯ್ದೆ. ತಣಿಯಿತು. ಅಂಚೆಕಚೇರಿಯ ತಕ್ಕಡಿಯಲ್ಲಿಟ್ಟು ನೋಡಿದೆ:
ಐನೂರು. ಕೂದಲೆಳೆಯಷ್ಟೂ ಆಚೀಚೆಯಿಲ್ಲ.
ಹಗುರಾದೆ ಎಂದುಕೊಂಡು ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಮೊದಲ ಗಿರಾಕಿ.
ತಟ್ಟೆ ಇಳಿಯುವ ಮೊದಲೇ
ನನ್ನ ಹೆಬ್ಬೆರಳು ಹೋಗಿ ಅದರಂಚಿಗೆ ಕೂತಿತ್ತು,
ಸಾಕಿದ ಬೆಕ್ಕು ತನ್ನ ಜಾಗಕ್ಕೆ ಹೋಗಿ ಕೂತಂತೆ.
ಇದನ್ನು ಮಾವ ಹೇಳಿಕೊಟ್ಟಿರಲಿಲ್ಲ.
ಇದು ನನ್ನದೇ.
ಯಾವಾಗ ಕಲಿತೆನೋ ನನಗೂ ಗೊತ್ತಿಲ್ಲ.

ಅಂದಿನಿಂದ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಕೂರುತ್ತೇನೆ,
ದಪ್ಪಗೆ, ಬಿಳಿ ಬಟ್ಟೆ,
ಹೊರಟರೆ ನನಗೇ ಕಾಣುವಂತೆ.
‘ಗಾಯವೇ?’ ಅನ್ನುತ್ತಾರೆ ಜನ.
‘ಹೂಂ’ ಅನ್ನುತ್ತೇನೆ. ‘ಹಳೆಯದು.’
ಹೆಚ್ಚಾದ ತಿರುಳನ್ನು ಯಾರೂ ಗಮನಿಸಿಲ್ಲ.
ಅದೇ ಬೆಲೆ, ಅದೇ ಚೌಕಾಸಿ,
‘ನಿನ್ನ ಕೈ ಬಲು ಬಿಗಿ, ನಾಜಿಬ್ರೋಲಾ’ ಎಂಬ ಅದೇ ಹಳೆಯ ಗೊಣಗು.

ಕೆರೆದ ಮೇಣ ಇನ್ನೂ ಏಪ್ರನ್ನಿನ ಜೇಬಲ್ಲಿದೆ.
ಎಸೆಯೋಣವೆಂದು ಹಿಡಿದಾಗಲೆಲ್ಲ
ಕೈಯ ಬಿಸಿಗೆ ಮೆತ್ತಗಾಗಿ
ಬೆರಳಿನ ಗೆರೆಗಳನ್ನು ಒಂದೂ ಬಿಡದೆ ಬರೆದುಕೊಳ್ಳುತ್ತದೆ.

ಸಂಜೆ ಬಟ್ಟೆ ಬಿಚ್ಚಿದರೆ ಒಳಗೆ ಹೆಬ್ಬೆರಳು
ಬೆಳ್ಳಗೆ, ನೆನೆದು ಸುಕ್ಕಾಗಿ,
ಈಗಷ್ಟೇ ಹುಟ್ಟಿದ್ದರ ಹಾಗೆ.
ನಂಬುವ ಹಾಗಿಲ್ಲ.
ನಾಳೆಯೂ ಸುತ್ತಬೇಕು.